ಒಂದನೇ ಬಿ ಕ್ಲಾಸಿನ ಸತ್ತ ಟೀಚರ್

ಆಲ್ಬಿನಾ ಟೀಚರನ್ನು ನಾನು ಮೊದಲ ಸಲ ನೋಡಿದಾಗ ಅವರು ಸತ್ತು ಬಿದ್ದಿದ್ದರು.

ಎಂಬತ್ತೆಂಟನೇ ಇಸವಿ. ನಾನು ಮಸ್ಕತ್ತಿಗೆ ಬಂದು ಇನ್ನೂ ಎರಡು ವಾರ ಆಗಿರಲಿಲ್ಲ. ಊರಲ್ಲಿ ಬಿ.ಕಾಂ. ಮುಗಿಸಿದವನು, ವೀಸಾದಲ್ಲಿ ‘ಬಡಗಿ’ ಎಂದು ಬರೆಸಿಕೊಂಡು, ರುಸೈಲ್‌ನ ಒಂದು ಪೈಪಿನ ಕಾರ್ಖಾನೆಯಲ್ಲಿ ಸ್ಟೋರಿನ ಗುಮಾಸ್ತನಾಗಿ ಸೇರಿದ್ದೆ. ಜೀವಮಾನದಲ್ಲಿ ಒಂದು ಮೊಳೆಯನ್ನೂ ನೆಟ್ಟಗೆ ಹೊಡೆದವನಲ್ಲ. ಪೊಲೀಸರು ತಡೆದು ‘ಬಡಗಿಯಾ? ಎಲ್ಲಿ, ಒಂದು ಸ್ಟೂಲು ಮಾಡು’ ಎಂದರೆ ಏನು ಗತಿ ಎಂದು ಹೆದರಿಕೊಂಡೇ ರಸ್ತೆ ದಾಟುತ್ತಿದ್ದ ದಿನಗಳು. ಆ ಹೆದರಿಕೆಯನ್ನೆಲ್ಲ ಹೊತ್ತುಕೊಂಡು, ಅಲ್ಲಿ ವಾರದ ರಜೆಯಾದ ಒಂದು ಶುಕ್ರವಾರ ಬೌಷರಿನ ಕಡೆ ಹೊರಟೆ. ಶಿರ್ವದಲ್ಲಿ ನಮ್ಮ ನೆರೆಮನೆಯ ಮುದುಕಿಯೊಬ್ಬರು ಮಗ ಸ್ಟೀಫನಿಗೆಂದು ಕಳಿಸಿದ್ದ ಕಟ್ಟು ನನ್ನ ಕೈಯಲ್ಲಿತ್ತು. ಅದರೊಳಗೆ ಒಂದು ಭರಣಿ ಮಿಡಿ ಉಪ್ಪಿನಕಾಯಿ.

ಮೂರನೇ ಮಾಳಿಗೆ. ಬಾಗಿಲು ಅರ್ಧ ತೆರೆದಿತ್ತು. ಬೆಲ್ ಒತ್ತಿದೆ, ಯಾರೂ ಬರಲಿಲ್ಲ. ಮೆಲ್ಲ ತಲೆ ಒಳಗೆ ಹಾಕಿದೆ. ನೆಲದ ಮೇಲೆ ಮೈಕೈ ತುಂಬಿದ ಒಬ್ಬ ಹೆಂಗಸು ಅಂಗಾತ ಬಿದ್ದಿದ್ದರು. ಕೈಕಾಲು ಮಡಚಿಕೊಂಡು ಮೇಲೆ ನಿಂತಿದ್ದವು. ಕಣ್ಣು ಫ್ಯಾನಿನ ಮೇಲೆ ನೆಟ್ಟಿತ್ತು. ನಾಲಿಗೆ ಹೊರಗಿತ್ತು. ಪಕ್ಕದಲ್ಲಿ ಬನಿಯನ್ ಹಾಕಿದ ಒಬ್ಬ ಗಂಡಸು ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು, ಕೆಲಸ ಸರಿಯಾಗಿದೆಯೇ ಎಂದು ಪರೀಕ್ಷಿಸುವವನ ಹಾಗೆ ಅವರನ್ನೇ ನೋಡುತ್ತ ನಿಂತಿದ್ದ.

ಇದಕ್ಕಿಂತ ಸ್ಪಷ್ಟವಾದ ಕೊಲೆ ಇನ್ನೇನು ಬೇಕು? ಭರಣಿ ನನ್ನ ಕೈಯಿಂದ ಯಾವಾಗ ಜಾರಿತೋ ಗೊತ್ತಿಲ್ಲ. ಮೆಟ್ಟಿಲನ್ನು ಇಳಿದೆನೋ ಉರುಳಿದೆನೋ, ಅದೂ ಗೊತ್ತಿಲ್ಲ. ಕೆಳಗಿನ ಗ್ರೋಸರಿಯಲ್ಲಿ ಗಡ್ಡದ ಒಬ್ಬರು ಈರುಳ್ಳಿ ತೂಗುತ್ತಿದ್ದರು. ನೋಡಿದ ಕೂಡಲೇ ನಮ್ಮ ಕಡೆಯ ಬ್ಯಾರಿ ಎಂದು ತಿಳಿಯುವ ಮುಖ.

“ಕೊಲೆ! ಮೇಲೆ ಕೊಲೆ! ಇಸ್ತ್ರಿಪೆಟ್ಟಿಗೆಯಲ್ಲಿ!” ಎಂದು ಕಿರುಚಿದೆ.

“ಯಾವ ಫ್ಲಾಟು?”

“ಸ್ಟೀಫನ್ ಅಂತ...”

“ಓ, ನಮ್ಮ ಟೀಚರಾ?” ಅವರು ಇನ್ನೊಂದು ಈರುಳ್ಳಿ ತಕ್ಕಡಿಗೆ ಹಾಕಿದರು. “ಇವತ್ತು ಎಂತ ಆಗಿ ಸತ್ತದ್ದು?”

ಮೊಯ್ದೀನ್ ಎಂಬ ಆ ಪುಣ್ಯಾತ್ಮರನ್ನು ಕಟ್ಟಡದ ಮಂದಿಯೆಲ್ಲ ಮೊಯ್ದೀನಾಕ ಎನ್ನುತ್ತಿದ್ದರು. ಅವರು ನನ್ನನ್ನು ಮೇಲಕ್ಕೆ ಕರೆದುಕೊಂಡು ಹೋಗಿ, ಹೆಣದ ಹತ್ತಿರ ಕುಕ್ಕುರುಗಾಲಲ್ಲಿ ಕೂತು, ಹಣೆಯನ್ನು ಒಂದು ಬೆರಳಲ್ಲಿ ಮುಟ್ಟಿದರು. ಹೆಣ ಎದ್ದು ಕೂತಿತು.

“ಜಿರಳೆ, ಮೊಯ್ದೀನಾಕ. ಹೇಗಿತ್ತು?”

“ಕಾಲು ಪಷ್ಟ್. ಆದ್ರೆ ಜಿರಳೆಗೆ ನಾಲಿಗೆ ಎಲ್ಲಿ ಉಂಟು ಟೀಚರೇ?”

“ನಾನೂ ಅದೇ ಹೇಳಿದ್ದು,” ಎಂದ ಇಸ್ತ್ರಿಪೆಟ್ಟಿಗೆಯ ಗಂಡಸು. ಅವರೇ ಸ್ಟೀಫನಣ್ಣ. ಒಂದು ಕಾರು ಬಿಡಿಭಾಗಗಳ ಕಂಪನಿಯಲ್ಲಿ ಲೆಕ್ಕ ಬರೆಯುವವರು, ನೊಣಕ್ಕೂ ‘ಎಕ್ಸ್‌ಕ್ಯೂಸ್ ಮಿ’ ಎಂದು ಹೇಳಿ ಓಡಿಸುವಂಥವರು.

ಟೀಚರ್ ನನ್ನ ಕಡೆ ತಿರುಗಿದರು. “ನೀನು ಪ್ರೇಮನಾಥ ಅಲ್ವಾ? ಅತ್ತೆ ಫೋನ್ ಮಾಡಿದ್ರು. ಉಪ್ಪಿನಕಾಯಿ ಕಳಿಸಿದ್ದೇನೆ ಅಂದ್ರು. ಎಲ್ಲಿ?”

“ಮೆಟ್ಟಿಲ ಮೇಲುಂಟು.”

“ಭರಣಿಯಲ್ಲಾ?”

“ಅಲ್ಲ. ಮೆಟ್ಟಿಲ ಮೇಲೆ.”

ಅವರು ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ನಕ್ಕರು. ಆ ನಗುವಿಗೆ ಪಕ್ಕದ ಫ್ಲಾಟಿನ ಬಾಗಿಲು ತೆರೆದುಕೊಂಡಿತು.

ಆಲ್ಬಿನಾ ಟೀಚರ್ ಒಂದು ಇಂಡಿಯನ್ ಸ್ಕೂಲಿನಲ್ಲಿ ಒಂದನೇ ತರಗತಿಯ ಬಿ ವಿಭಾಗಕ್ಕೆ ಪಾಠ ಮಾಡುತ್ತಿದ್ದರು. ಶಿರ್ವದ ಕಡೆ ಕನ್ನಡ ಶಾಲೆಯಲ್ಲಿ ಕಲಿಸಿ ಬಂದವರು. ಇಲ್ಲಿ ಇಂಗ್ಲಿಷು ಬೇಕು. ಇಂಗ್ಲಿಷಿನಲ್ಲಿ ಎಲ್ಲಿ ಶಬ್ದ ಸಿಗುವುದಿಲ್ಲವೋ ಅಲ್ಲಿ ಮೈಯನ್ನು ಬಳಸುತ್ತಿದ್ದರು. ಆ ವಾರದ ಪಾಠ ಜೀವ ಇರುವ ವಸ್ತು, ಜೀವ ಇಲ್ಲದ ವಸ್ತು. ಜಿರಳೆಗೆ ಜೀವ ಉಂಟು, ಕುರ್ಚಿಗೆ ಇಲ್ಲ ಎಂದು ಹೇಳಿ ಮುಗಿಸಿದಾಗ ಮುಂದಿನ ಬೆಂಚಿನ ಅಶ್ವಿತಾ ಎಂಬ ಹುಡುಗಿ ಎದ್ದು ನಿಂತು, ಸತ್ತ ಜಿರಳೆ ಯಾವ ಸಾಲಿಗೆ ಎಂದು ಕೇಳಿದಳಂತೆ. ಟೀಚರ್ ತಡವರಿಸುವಷ್ಟರಲ್ಲಿ ಅವಳೇ ಉತ್ತರ ಕೊಟ್ಟಳು: “ಡೆಡ್ ಈಸ್ ಆಲ್ಸೋ ಲಿವಿಂಗ್, ಟೀಚರ್. ಮೈ ಮಮ್ಮಿ ಸ್ಟಿಲ್ ಸ್ಕ್ರೀಮ್ಸ್.” ಈ ತರ್ಕದ ಮುಂದೆ ಬಾಯಿಮಾತು ಸಾಲದು, ತಾನೇ ಜಿರಳೆಯಾಗಿ ಸಾಯಬೇಕು ಎಂದು ಟೀಚರ್ ನಿರ್ಧರಿಸಿದ್ದರು. ಶುಕ್ರವಾರದ ಅಭ್ಯಾಸಕ್ಕೆ ಸರಿಯಾಗಿ ನಾನು ಕಾಲಿಟ್ಟಿದ್ದೆ.

ಹೀಗೆ ಉಪ್ಪಿನಕಾಯಿ ಚೆಲ್ಲಿದ ತಪ್ಪಿಗೆ ನಾನು ಆ ಮನೆಯ ಶುಕ್ರವಾರದ ಊಟದವನಾದೆ. ಬೆಳಿಗ್ಗೆ ಅವರು ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಬರುತ್ತಿದ್ದರು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಮೀನು. ಊಟ ಇಳಿಯುವ ಮೊದಲೇ ಟೀಚರ್ ಟೀಪಾಯಿ ಸರಿಸಿ ಮುಂದಿನ ವಾರದ ಪಾಠವನ್ನು ನಮ್ಮ ಮೇಲೆ ಪ್ರಯೋಗಿಸುತ್ತಿದ್ದರು. ನಾನು ಮೊದಲು ಕತ್ತೆಯಾದೆ. ಆಮೇಲೆ ಎಂಟು ಎಂಬ ಅಂಕಿಯಾದೆ, ಹೊಟ್ಟೆ ಒಳಗೆಳೆದುಕೊಳ್ಳಬೇಕಿತ್ತು. ಕಳೆಯುವ ಲೆಕ್ಕದಲ್ಲಿ ಮರದಿಂದ ಹಾರಿಹೋಗುವ ಹಕ್ಕಿಯಾದೆ. ಕಾರ್ಖಾನೆಯಲ್ಲಿ ಎರಡು ವರ್ಷಕ್ಕೂ ಬಡ್ತಿ ಸಿಗದವನಿಗೆ ಇಲ್ಲಿ ಆರು ತಿಂಗಳಲ್ಲಿ ಕತ್ತೆಯಿಂದ ಚಂದ್ರನವರೆಗೆ ಬಡ್ತಿ ಸಿಕ್ಕಿತು. ಸ್ಟೀಫನಣ್ಣ ಮಾತ್ರ ಯಾವಾಗಲೂ ಭೂಮಿ. ಸುಮ್ಮನೆ ನಿಂತರೆ ಸಾಕಾಗುತ್ತಿತ್ತು.

ಟೀಚರ್ ಹೇಳುತ್ತಿದ್ದ ಕ್ಲಾಸಿನ ಸುದ್ದಿ ಕೇಳಿ ನಾನು ಪ್ರತಿ ವಾರವೂ ಬೆಚ್ಚಿಬೀಳುತ್ತಿದ್ದೆ. ‘ನಿಮ್ಮ ಮನೆಯ ಚಿತ್ರ ಬರೆಯಿರಿ’ ಎಂದರೆ ಇಡೀ ಕ್ಲಾಸು ಮೊದಲು ಕಿಟಕಿಯ ಏಸಿ ಬರೆಯಿತಂತೆ, ಅದರ ಕೆಳಗೆ ನೀರು ತೊಟ್ಟಿಕ್ಕುವ ಬಕೆಟು. ಗೋಡೆಯನ್ನು ಆಮೇಲೆ ಸೇರಿಸಿದವು. ‘ಮರ ಎಲ್ಲಿ?’ ಎಂದು ಕೇಳಿದ್ದಕ್ಕೆ ‘ಇಂಡಿಯಾದಲ್ಲಿ’ ಎಂಬ ಉತ್ತರ ಬಂತು. ‘ದೇವರ ಮೇಲೆ ಯಾರಿದ್ದಾರೆ?’ ಎಂದು ಒಬ್ಬ ಕೇಳಿದಾಗ ಅವನ ಪಕ್ಕದವನು ಟೀಚರಿಗಿಂತ ಮೊದಲು ‘ಕಫೀಲ್’ ಎಂದನಂತೆ. ಅವನಪ್ಪ ಮನೆಯಲ್ಲಿ ಹೆದರುವುದು ವೀಸಾ ಕೊಟ್ಟ ಆ ಒಮಾನಿ ಧಣಿ ಒಬ್ಬರಿಗೇ ಆಗಿರಬೇಕು. ನಾನಂತೂ ಆ ಹುಡುಗನ ಮಾತನ್ನು ಇವತ್ತಿಗೂ ಸುಳ್ಳೆನ್ನಲಾರೆ.

ಗಲಾಟೆ ಮಿತಿಮೀರಿದರೆ ಟೀಚರ್ ಬೆತ್ತ ಎತ್ತುತ್ತಿರಲಿಲ್ಲ. ಸತ್ತುಬಿಡುತ್ತಿದ್ದರು. ಮುನ್ಸೂಚನೆ ಇಲ್ಲದೆ, ನಿಂತಲ್ಲೇ, ದೊಪ್ಪನೆ. ಒಂದನೇ ಬಿ ಕ್ಲಾಸಿನ ಕಾನೂನು ಏನೆಂದರೆ, ಟೀಚರ್ ಸತ್ತರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿ ಬಂದು ಅವರ ಹಣೆ ಮುಟ್ಟಬೇಕು. ಮೊದಲು ಮುಟ್ಟಿದವರಿಗೆ ಅಂದು ಗಂಟೆ ಬಾರಿಸುವ ಭಾಗ್ಯ. ಕ್ಲಾಸಿನ ಕೊನೆಯ ಮಗು ಮುಟ್ಟುವವರೆಗೆ ಜೀವ ಬರುವುದಿಲ್ಲ. ಹಾಗಾಗಿ ಹಿಂದೆ ಉಳಿದವರನ್ನು ಉಳಿದವರೇ ಎಳೆದು ತರುತ್ತಿದ್ದರು.

ಹೆಡ್‌ಮಿಸ್ ಇಸಾಬೆಲ್ಲಾ ಒಮ್ಮೆ ಬಾಗಿಲು ತೆರೆದಾಗ ಕಂಡದ್ದು ಮಕ್ಕಳ ಗುಡ್ಡೆ, ಅದರ ಅಡಿಯಿಂದ ಹೊರಗೆ ಚಾಚಿದ್ದ ಒಂದು ಜೊತೆ ದೊಡ್ಡ ಚಪ್ಪಲಿ. ಅವರು ಗೋಡೆ ಹಿಡಿದುಕೊಂಡರಂತೆ.

“ಮಿಸೆಸ್ ಆಲ್ಬಿನಾ, ಇಡೀ ಕಾರಿಡಾರಿನಲ್ಲಿ ನಿಮ್ಮ ಕ್ಲಾಸಿನದ್ದು ಮಾತ್ರ ಸದ್ದು.”

“ಹೌದು ಮಿಸ್. ಬೇರೆ ಕ್ಲಾಸಲ್ಲಿ ಯಾರೂ ಸಾಯುವುದಿಲ್ಲ.”

ಈ ಉತ್ತರ ಕೊಡಬಾರದಿತ್ತು. ಟೀಚರದ್ದು ಟೆಂಪರರಿ ಹುದ್ದೆ. ಪ್ರತಿ ಮಾರ್ಚಿನಲ್ಲಿ ಹೆಡ್‌ಮಿಸ್ ಕಮಿಟಿಯ ಮುಂದೆ ‘ಬೇಕು’ ಎಂದರೆ ಮುಂದಿನ ವರ್ಷ ಉಂಟು, ‘ಬೇಡ’ ಎಂದರೆ ಇಲ್ಲ. ‘ಇನ್ನೊಂದು ಕಂಪ್ಲೇಂಟ್ ಬಂದರೆ ನಾನು ಏನೂ ಮಾಡಲಾರೆ’ ಎಂದು ಅವರು ಹೇಳಿಬಿಟ್ಟಿದ್ದರು. ಸ್ಟೀಫನಣ್ಣನ ಸಂಬಳದಲ್ಲಿ ಮನೆ ನಡೆಯುತ್ತಿತ್ತು, ಅದಲ್ಲ ಸಂಗತಿ. ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿರಲಿಲ್ಲ. ಚರ್ಚಿನ ಅಂಗಳದಲ್ಲಿ ಹೆಂಗಸರು ಕೇಳದೆ ಬಿಡುತ್ತಿರಲಿಲ್ಲ. ಕೇಳಿದಾಗಲೆಲ್ಲ ಟೀಚರ್ “ಅಯ್ಯೋ, ಬಸ್ಸು ಬಂತು” ಎಂದು ಹೇಳಿ ಬಿರಬಿರನೆ ನಡೆದುಬಿಡುತ್ತಿದ್ದರು. ಆ ಚರ್ಚಿನ ಮುಂದೆ ಬಸ್ಸೇ ಬರುತ್ತಿರಲಿಲ್ಲ. ಒಂದನೇ ಬಿ ಹೋದರೆ ಅವರು ಬೆಳಿಗ್ಗೆ ಎದ್ದು ಏನಾಗಿ ಸಾಯುವುದು?

ಎಂಬತ್ತೊಂಬತ್ತನೇ ಇಸವಿಯ ಜನವರಿಯಲ್ಲಿ ಮಳೆಯ ಪಾಠ ಬಂತು. ಪುಸ್ತಕದಲ್ಲಿ ಇದ್ದದ್ದು ನಾಲ್ಕೇ ವಾಕ್ಯ. ಮಳೆ ಬರುತ್ತದೆ, ಕಪ್ಪೆ ಕೂಗುತ್ತದೆ, ರೈತ ನಗುತ್ತಾನೆ, ನಾವು ಕೊಡೆ ಹಿಡಿಯುತ್ತೇವೆ. ಟೀಚರ್ ಓದಿ ಮುಗಿಸಿದರೆ ಒಬ್ಬ ಕೇಳಿದನಂತೆ, “ಟೀಚರ್, ಮೇಲೆ ಯಾರ ಏಸಿ ಲೀಕಾಗ್ತದೆ?”

ಆ ಶುಕ್ರವಾರ ಟೀಚರಿಗೆ ಮೀನು ಇಳಿಯಲಿಲ್ಲ. “ಮಳೆ ಗೊತ್ತಿಲ್ಲದ ಮಕ್ಕಳು ಮಾರಾಯ! ಇವು ದೊಡ್ಡದಾಗಿ ಎಂತ ಮಾಡ್ಲಿಕ್ಕುಂಟು?”

ನಾವು ಮೂವರೂ ಕರಾವಳಿಯವರು. ಮಳೆಯ ಅವಮಾನ ನಮ್ಮ ಅವಮಾನ. ನಾನು ಕಾರ್ಖಾನೆಯಿಂದ ಹಳೆಯ ಅರಬ್ಬಿ ಪೇಪರಿನ ಕಟ್ಟು ತಂದೆ. ಕೂತು ದೋಣಿ ಮಡಚಿದೆವು. ಸ್ಟೀಫನಣ್ಣ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿಯಲ್ಲಿ ನಮ್ಮ ತಲೆಯ ಮೇಲೆ ಮಳೆ ಸುರಿಸಿದರು. ಭೂಮಿಗೆ ಮೊದಲ ಸಲ ಬಡ್ತಿ ಸಿಕ್ಕಿತ್ತು. ಶನಿವಾರ ಟೀಚರ್ ಪ್ರತಿ ಮಗುವಿನ ಕೈಗೂ ಒಂದೊಂದು ದೋಣಿ ಕೊಟ್ಟು, ಅದರ ಮೇಲೆ ಹೆಸರು ಬರೆಸಿ, ಹೀಗೆ ಹೇಳಿದರು: “ಇದನ್ನು ಜಾಗ್ರತೆ ಇಟ್ಟುಕೊಳ್ಳಿ. ನಿಜವಾದ ಮಳೆ ಬಂದ ದಿನ ಹೊರಗೆ ಓಡಿ. ಹರಿಯುವ ನೀರು ಎಲ್ಲಿದೆ ಹುಡುಕಿ. ದೋಣಿ ಬಿಡಿ.”

ನಮ್ಮ ಕಡೆ ಮೊದಲ ಮಳೆಗೆ ಎಲ್ಲ ಮಕ್ಕಳೂ ಮಾಡುವುದು ಅದನ್ನೇ. ಅದರಲ್ಲಿ ತಪ್ಪು ಹುಡುಕಲು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಫೆಬ್ರವರಿಯ ಒಂದು ಗುರುವಾರ ಬೋಜಣ್ಣ ನಮ್ಮನ್ನು ಊಟಕ್ಕೆ ಕರೆದರು. ಜಿರಳೆ ಖ್ಯಾತಿಯ ಅಶ್ವಿತಾಳ ಅಪ್ಪ, ಮೂಲ್ಕಿ ಕಡೆಯವರು. ಒಂದು ಗ್ಯಾರೇಜಿನಲ್ಲಿ ಮೇಸ್ತ್ರಿ. ಬಾಡಿಗೆ ಕಡಿಮೆ ಎಂದು ಅಲ್ ಅಮೇರಾತಿನಲ್ಲಿ ಮನೆ ಮಾಡಿದ್ದರು. ಮನೆಯ ಹಿಂದೆ ಅಗಲವಾದ ವಾದಿ. ವಾದಿ ಎಂದರೆ ನಾವು ಕಂಡ ಮಟ್ಟಿಗೆ ಬರೀ ಕಲ್ಲುಗಳ ಒಣ ಬಯಲು; ಹುಡುಗರು ಕ್ರಿಕೆಟ್ ಆಡುವ, ಲಾರಿಯವರು ಲಾರಿ ನಿಲ್ಲಿಸುವ ಜಾಗ. ಬೋಜಣ್ಣನ ಹೆಂಡತಿ ಮೋಹಿನಿ ಅಕ್ಕ ಕೋರಿ ರೊಟ್ಟಿ ಮಾಡಿದ್ದರು. ಟೀಚರ್ ಬಂದಿದ್ದಾರೆಂದು ಅಕ್ಕಪಕ್ಕದ ಮನೆಗಳಿಂದ ಒಂದನೇ ಬಿ ಕ್ಲಾಸಿನ ಇನ್ನೂ ಮೂವರು ಬಂದು, ನಾನು ಕತ್ತೆಯಾಗಿದ್ದು ನಿಜವೇ ಎಂದು ವಿಚಾರಿಸಿಕೊಂಡು ಅಶ್ವಿತಾಳ ಜೊತೆ ಹಿತ್ತಿಲಿಗೆ ಆಡಲು ಹೋದರು.

ಊಟ ಮುಗಿಯುವಾಗ ಹನಿ ಬಿತ್ತು.

ಮತ್ತೆ ಕೇಳಬೇಕೇ! ಬೋಜಣ್ಣ ಬಟ್ಟಲು ಬಿಟ್ಟು ಅಂಗಳಕ್ಕೆ ಓಡಿ ಬಾಯಿ ತೆರೆದು ನಿಂತರು. ಸ್ಟೀಫನಣ್ಣ ಕನ್ನಡಕ ತೆಗೆದು ಮುಖ ಮೇಲೆ ಮಾಡಿದರು. ನಾನು ಇದ್ದ ಒಂದೇ ಒಳ್ಳೆಯ ಶರ್ಟಿನಲ್ಲಿ ನೆನೆದೆ. ಮೋಹಿನಿ ಅಕ್ಕ “ಇವತ್ತು ಗೋಳಿಬಜೆ ಆಗದಿದ್ರೆ ಮತ್ತೆ ಯಾವತ್ತು?” ಎಂದು ಬಾಣಲೆ ಇಟ್ಟರು, ಟೀಚರ್ ಹಿಟ್ಟಿಗೆ ಕೈ ಹಾಕಿದರು. ಮಳೆ ಕಾಲು ಗಂಟೆಯೂ ಬರಲಿಲ್ಲ. ಬಿಸಿಲೂ ಬಂತು. ದೂರದ ಗುಡ್ಡಗಳ ಮೇಲೆ ಮಾತ್ರ ಆಕಾಶ ಕಪ್ಪಾಗಿಯೇ ಇತ್ತು.

ಆಗ ಬೋಜಣ್ಣ ಹಿತ್ತಿಲ ಕಡೆ ಕಿವಿಗೊಟ್ಟರು. “ವಾದಿ ಬರ್ತಾ ಉಂಟು! ಬನ್ನಿ ಬನ್ನಿ, ಗೋಡೆ ಮೇಲೆ ನಿಂತು ನೋಡುವ. ಟೀಚರ್, ಈ ಊರಲ್ಲಿ ಹರಿಯುವ ನೀರು ಅಂದ್ರೆ ಇದೇ. ಗುಡ್ಡದ ನೀರೆಲ್ಲ ಒಟ್ಟಿಗೆ ಬರ್ತದೆ, ಲಾರಿಯನ್ನೂ ಬಿಡುವುದಿಲ್ಲ.”

‘ಹರಿಯುವ ನೀರು’ ಎಂಬ ಮಾತು ಅಡಿಗೆಮನೆಗೆ ಕೇಳಿತು. ಟೀಚರ್ ಹೊರಗೆ ಬಂದರು. ಎರಡೂ ಕೈ ಮೊಣಕೈವರೆಗೆ ಹಿಟ್ಟು.

“ಮಕ್ಕಳೆಲ್ಲಿ?”

ಎಲ್ಲರೂ ಹಿತ್ತಿಲ ಕಡೆ ತಿರುಗಿದೆವು. ಹಿಂದಿನ ಗೇಟು ತೆರೆದಿತ್ತು.

ಟೀಚರ್ ಅಷ್ಟು ಜೋರಾಗಿ ಓಡುವುದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ವಾದಿಯ ದಂಡೆಗೆ ಬಂದು ನೋಡಿದರೆ ನಾಲ್ಕು ಮಕ್ಕಳೂ ಬಯಲಿನ ನಟ್ಟನಡುವೆ ಕುಕ್ಕುರುಗಾಲಲ್ಲಿ ಕೂತಿದ್ದವು. ಕಲ್ಲುಗಳ ನಡುವೆ ಒಂದು ಗೇಣು ಅಗಲದ ನೀರು. ಅದರಲ್ಲಿ ಅರಬ್ಬಿ ಅಕ್ಷರದ ದೋಣಿಗಳು. ಮೇಲೆ ಚೆಂದದ ಬಿಸಿಲು. ಎಲ್ಲೋ ಜಲ್ಲಿ ಇಳಿಸುವ ಹಾಗೆ ಒಂದು ಸದ್ದು, ನಿಲ್ಲದೆ.

“ಟೀಚರ್! ಲುಕ್! ರನ್ನಿಂಗ್ ವಾಟರ್!” ಮಕ್ಕಳು ಕೈಬೀಸಿದವು.

“ಬನ್ನಿ! ಮೇಲೆ ಬನ್ನಿ! ನೀರು ಬರ್ತಾ ಉಂಟು, ಓಡಿ!” ಎಂದು ಟೀಚರ್ ಕೂಗಿದರು. ಮಕ್ಕಳು ಚಪ್ಪಾಳೆ ತಟ್ಟಿದವು. ಒಬ್ಬ ಮುಳುಗುವವನ ಹಾಗೆ ನಟಿಸಿ ಕಲ್ಲಿನ ಮೇಲೆ ಬಿದ್ದ. ಮತ್ತೊಬ್ಬ “ಹೆಲ್ಪ್! ಹೆಲ್ಪ್!” ಎಂದು ಕೂಗಿ ಕೇಕೆ ಹಾಕಿದ. ಯಾಕೆ ಕೂಗಬಾರದು? ವಾರಕ್ಕೊಂದು ಸಲ ಟೀಚರ್ ಇದೇ ಸ್ವರದಲ್ಲಿ ಮೊಸಳೆ ಬಂತು, ಬೆಂಕಿ ಬಿತ್ತು, ಹುಲಿ ಬಂತು ಎಂದು ಕೂಗಿದವರು. ಇವತ್ತು ಪ್ರವಾಹ. ಇದುವರೆಗಿನ ಆಟಗಳಲ್ಲಿ ಇದೇ ಚೆನ್ನಾಗಿದೆ ಎಂದು ಅವು ತಿಳಿದಿದ್ದವು.

ಬೋಜಣ್ಣ ಲುಂಗಿ ಎತ್ತಿ ಕಟ್ಟಿ ಕೆಳಗೆ ಹಾರಿ ಓಡಿದರು. ಅದು ಇನ್ನೂ ಕೆಟ್ಟದಾಯಿತು. ದೊಡ್ಡವರೊಬ್ಬರು ಹಿಡಿಯಲು ಬರುತ್ತಿದ್ದಾರೆಂದು ಮಕ್ಕಳು ಕಿರುಚುತ್ತ ಆಚೆ ದಂಡೆಯ ಕಡೆ ಚದುರಿದವು. ಅವರು ಹತ್ತಿರ ಹೋದಷ್ಟೂ ಅವು ದೂರ.

“ಬೋಜಣ್ಣ, ಓಡಬೇಡಿ! ನಿಲ್ಲಿ ಅಲ್ಲೇ!” ಎಂದು ಟೀಚರ್ ಕಿರುಚಿದರು. ಆಮೇಲೆ ನಿಂತಲ್ಲೇ ದೊಪ್ಪನೆ ಬಿದ್ದರು. ಅಂಗಾತ, ಕೈಕಾಲು ಮಡಚಿಕೊಂಡು, ಕಲ್ಲಿನ ಮೇಲೆ.

ಇಲ್ಲಿ ನನ್ನ ಬುದ್ಧಿವಂತಿಕೆಯನ್ನು ಮೆಚ್ಚಬೇಕು. ತಿಂಗಳುಗಟ್ಟಲೆ ಪ್ರತಿ ಶುಕ್ರವಾರ ಅವರು ಸಾಯುವುದನ್ನು ಊಟದ ಜೊತೆ ನೋಡಿದವನು ನಾನು. ಆದರೂ ಎದೆ ಹಿಡಿದುಕೊಂಡು ಹಿಂದೆ ಓಡಿ, ಸ್ಟೀಫನಣ್ಣನ ಕೈ ಜಗ್ಗಿದೆ. “ಕಾರು ತೆಗೀರಿ! ಟೀಚರಿಗೆ ಹಾರ್ಟ್ ಅಟ್ಯಾಕ್!”

ಅವರು ವಾದಿಯಿಂದ ಕಣ್ಣು ತೆಗೆಯಲಿಲ್ಲ. “ಸುಮ್ನಿರು ಪ್ರೇಮ. ಸತ್ತದ್ದು ಅಷ್ಟೆ.”

ಅಲ್ಲಿ ಆಚೆ ಬದಿಯಲ್ಲಿ ಕೇಕೆ ನಿಂತಿತ್ತು. ಟೀಚರ್ ಸತ್ತಿದ್ದಾರೆ. ಕಾನೂನು ಕಾನೂನೇ. ಮೂವರು ಕೈಯಲ್ಲಿದ್ದದ್ದನ್ನು ಬಿಟ್ಟು ಕಲ್ಲಿಂದ ಕಲ್ಲಿಗೆ ಹಾರುತ್ತ, ಒಬ್ಬರನ್ನೊಬ್ಬರು ತಳ್ಳುತ್ತ, ಬೋಜಣ್ಣನನ್ನು ಕಣ್ಣೆತ್ತಿಯೂ ನೋಡದೆ ದಂಡೆ ಹತ್ತಿದರು. “ನಾನು ಫಸ್ಟ್!” ಎಂದು ಒಬ್ಬ ಹಣೆ ಮುಟ್ಟಿದ. ಎರಡನೆಯ ಕೈ ಬಿತ್ತು. ಮೂರನೆಯದು ಬಿತ್ತು.

ನಾಲ್ಕನೆಯದು ಬರಲಿಲ್ಲ.

ಅಶ್ವಿತಾ ವಾದಿಯ ನಡುವೆಯೇ ನಿಂತಿದ್ದಳು. ದೋಣಿ ಎದೆಗೆ ಹಿಡಿದುಕೊಂಡು, ತಲೆ ಓರೆ ಮಾಡಿ, ದೂರದಿಂದ ಹೆಣವನ್ನು ಪರಿಶೀಲಿಸುತ್ತಿದ್ದಳು. ಮೋಹಿನಿ ಅಕ್ಕ ಗೇಟಿನ ಹತ್ತಿರ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದರು. ಮಗಳನ್ನು ಕೂಗಿದರೆ ಎಲ್ಲಿ ಮತ್ತೆ ಆಟವಾಗುತ್ತದೋ ಎಂಬ ಹೆದರಿಕೆ. ಬೋಜಣ್ಣ ಹತ್ತು ಮಾರು ದೂರದಲ್ಲಿ ಕಲ್ಲಾಗಿ ನಿಂತಿದ್ದರು. ಜಲ್ಲಿಯ ಸದ್ದು ಈಗ ನಮ್ಮ ಕಾಲ ಕೆಳಗೇ ಇತ್ತು. ಟೀಚರ ಕೈಬೆರಳುಗಳ ಹಿಟ್ಟು ಒಣಗಿ ಬಿರುಕು ಬಿಡುತ್ತಿತ್ತು. ಅವರು ಕಣ್ಣು ತೆರೆಯಲಿಲ್ಲ. ತೆರೆದರೆ ಆಟ ಮುಗಿಯುತ್ತದೆ.

“ಅಶ್ವಿತಾ, ಕಮ್ ಫಾಸ್ಟ್!” ಎಂದು ಮೂವರೂ ಕೂಗಿದರು. “ಟೀಚರ್ ಈಸ್ ಡೈಯಿಂಗ್ ಟೂ ಮಚ್!”

ಆಗ ಅವಳು ಹೊರಟಳು. ಓಡಲಿಲ್ಲ. ಪರೀಕ್ಷೆಯ ಪೇಪರು ತಿದ್ದಲು ಹೊರಟವಳ ಹಾಗೆ ಒಂದೊಂದೇ ಕಲ್ಲು ದಾಟಿ ಬಂದಳು. ಅವಳ ಹಿಂದೆ ಬೋಜಣ್ಣ ಉಸಿರು ಹಿಡಿದು ಹೆಜ್ಜೆ ಹೆಜ್ಜೆ ಇಟ್ಟು ಬಂದರು. ದಂಡೆ ಹತ್ತಿದಳು. ಟೀಚರ ಮುಖದ ಮೇಲೆ ಬಗ್ಗಿದಳು. ಮುಟ್ಟಲಿಲ್ಲ.

“ಟೀಚರ್, ಯು ಆರ್ ಬ್ರೀದಿಂಗ್,” ಎಂದಳು. “ಐ ಕ್ಯಾನ್ ಸೀ.”

ಹಿಟ್ಟಿನ ಕೈ ಅವಳ ಮಣಿಕಟ್ಟನ್ನು ಹಿಡಿದುಕೊಂಡಿತು. ಬೋಜಣ್ಣ ಕೊನೆಯ ಕಲ್ಲಿನಿಂದ ದಂಡೆಗೆ ಕಾಲಿಟ್ಟರು. ಅಷ್ಟರಲ್ಲಿ ವಾದಿ ಬಂತು.

ನೀರು ಎಂದು ಅದನ್ನು ಕರೆಯಲು ನನಗೆ ಬಾಯಿ ಬರುವುದಿಲ್ಲ. ಕಂದು ಬಣ್ಣದ ಒಂದು ಗೋಡೆ ಕಲ್ಲು, ಮುಳ್ಳಿನ ಮರ, ಎಣ್ಣೆ ಡ್ರಮ್ಮು, ಯಾರದೋ ಮನೆಯ ನೀಲಿ ಬಾಗಿಲು ಎಲ್ಲವನ್ನೂ ಹೊತ್ತು ತಂದಿತು. ದೋಣಿಗಳಿದ್ದ ಜಾಗ ಎಲ್ಲಿತ್ತು ಎಂದು ತೋರಿಸಲು ಒಂದು ಕಲ್ಲೂ ಉಳಿಯಲಿಲ್ಲ. ಅಶ್ವಿತಾ ನೀರನ್ನು ನೋಡಿದಳು, ಕೈಯಲ್ಲಿದ್ದ ದೋಣಿಯನ್ನು ನೋಡಿದಳು, ದೋಣಿಯನ್ನು ಮಡಚಿ ಫ್ರಾಕಿನ ಜೇಬಿಗೆ ಹಾಕಿಕೊಂಡಳು.

ನಾಲ್ವರೂ ದಂಡೆ ಸೇರಿಯಾಗಿತ್ತು. ಆದರೂ ಟೀಚರ್ ಏಳಲಿಲ್ಲ. ಕಣ್ಣು ತೆರೆದಿತ್ತು, ಆಕಾಶ ನೋಡುತ್ತಿತ್ತು. ಮಕ್ಕಳು ಗಾಬರಿಯಾಗಿ ಮತ್ತೊಮ್ಮೆ ಮುಟ್ಟಿದರು. ಕೊನೆಗೆ ಸ್ಟೀಫನಣ್ಣ ಮೊಣಕಾಲೂರಿ ಕೂತು ಹಣೆಗೆ ಬೆರಳಿಟ್ಟರು. “ಆಲ್ಬಿನ್, ನಾನೂ ಮುಟ್ಟಿದೆ. ಇನ್ನು ಏಳು.”

ಅವರು ಎದ್ದರು. ಮೋಹಿನಿ ಅಕ್ಕನ ಕಡೆ ಎರಡು ಹೆಜ್ಜೆ ಇಟ್ಟರು. ಮೋಹಿನಿ ಅಕ್ಕ ಮಗಳನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಾಣಲೆಯಲ್ಲಿ ಗೋಳಿಬಜೆ ಕರಟಿದ ವಾಸನೆ ಅಂಗಳದ ತನಕ ಬಂತು.

ಶನಿವಾರ ಸ್ಕೂಲು ತೆರೆಯುವ ಮೊದಲೇ ಸುದ್ದಿ ತಲುಪಿತ್ತು. ಯಾರು ಹೇಳಿದ್ದು ಎಂದು ಕೇಳಿದರೆ ನಾಲ್ಕು ಮಕ್ಕಳೂ ಒಂದೇ ಸ್ವರದಲ್ಲಿ ‘ಟೀಚರ್ ಸೆಡ್’ ಎನ್ನುತ್ತಿದ್ದವು. ಒಂದನೇ ಬಿ ಕ್ಲಾಸಿನ ತಂದೆತಾಯಿಗಳನ್ನೆಲ್ಲ ಹೆಡ್‌ಮಿಸ್ ಬುಧವಾರ ಸಂಜೆಗೆ ಕರೆಸಿದರು. ಹೊರಡುವ ಮೊದಲು ಸ್ಟೀಫನಣ್ಣ ಟೈ ಕಟ್ಟಿಕೊಳ್ಳುತ್ತ ಹೇಳಿದರು: “ಪುಸ್ತಕದಲ್ಲಿ ಇತ್ತು ಅಂತ ಹೇಳು ಆಲ್ಬಿನ್. ಮಳೆಯ ಪಾಠ ಪುಸ್ತಕದಲ್ಲೇ ಉಂಟಲ್ಲ.”

“ದೋಣಿ ಇಲ್ಲ ಅದರಲ್ಲಿ.”

“ಬಕೆಟಿನ ನೀರಿಗೆ ಹೇಳಿದ್ದು, ಮಕ್ಕಳು ತಪ್ಪು ತಿಳಿದ್ರು ಅಂದ್ರೆ?” ಇದು ನನ್ನ ಸಲಹೆ.

“ಮಕ್ಕಳು ತಪ್ಪು ತಿಳಿಯಲಿಲ್ಲ ಪ್ರೇಮ. ನಾನು ಹೇಳಿದ್ದನ್ನೇ ಸರಿಯಾಗಿ ಮಾಡಿದ್ದು. ಇಡೀ ವರ್ಷದಲ್ಲಿ ಅದೊಂದನ್ನೇ.”

ಬಾಗಿಲಲ್ಲಿ ಪ್ಯೂನು ನನ್ನನ್ನು ತಡೆದು ಯಾವ ಮಗುವಿನ ತಂದೆ ಎಂದು ಹಿಂದಿಯಲ್ಲಿ ಕೇಳಿದ. ‘ತಂದೆಯಲ್ಲ, ಪಾಠದ ಕತ್ತೆ’ ಎಂದು ಹೇಳಬೇಕೆನಿಸಿತು. ಸ್ಟೀಫನಣ್ಣ ‘ನನ್ನ ತಮ್ಮ’ ಎಂದು ಹೇಳಿ ಒಳಗೆ ಎಳೆದುಕೊಂಡರು. ಒಂದನೇ ತರಗತಿಯ ಬೆಂಚು. ಮೊಣಕಾಲು ಕಿವಿಗೆ ತಾಗುತ್ತಿತ್ತು. ಸುತ್ತ ಎಲ್ಲ ದೊಡ್ಡವರೂ ಹಾಗೆಯೇ ಮುದುಡಿ, ತಪ್ಪು ಮಾಡಿದ ಮಕ್ಕಳ ಹಾಗೆ ಕೂತಿದ್ದರು.

ಹೆಡ್‌ಮಿಸ್ ಸುತ್ತುಬಳಸಲಿಲ್ಲ. “ಮಾರ್ಚಿನಲ್ಲಿ ಈ ಹುದ್ದೆ ಮುಂದುವರಿಸಬೇಕೋ ಬೇಡವೋ ಎಂದು ಕಮಿಟಿ ನನ್ನನ್ನು ಕೇಳುತ್ತದೆ. ಇವತ್ತು ಇಲ್ಲಿ ಕೇಳಿದ್ದನ್ನೇ ನಾನು ಅಲ್ಲಿ ಹೇಳುತ್ತೇನೆ.”

ಕೋಟು ಹಾಕಿದ ಒಬ್ಬರು ಎದ್ದು ಇಂಗ್ಲಿಷಿನಲ್ಲಿ, ಇದು ಶಾಲೆಯೋ ಸರ್ಕಸ್ಸೋ ಎಂದು ಕೇಳಿದರು. ಬೋಜಣ್ಣ ಎದ್ದು, ಟೀಚರ್ ಸಾಯದಿದ್ದರೆ ತನ್ನ ಮಗಳು ಇವತ್ತು ಇಲ್ಲ ಎಂದು ಹೇಳಹೊರಟು, ಅರ್ಧಕ್ಕೇ ನಿಲ್ಲಿಸಿ ಕೂತರು. ಆಗ ಮೋಹಿನಿ ಅಕ್ಕ ಎದ್ದರು. ಗುರುವಾರದಿಂದ ಟೀಚರ ಜೊತೆ ಒಂದು ಮಾತೂ ಆಡದವರು. ಸೆರಗು ಬೆರಳಿಗೆ ಸುತ್ತಿಕೊಂಡು, ನೇರ ಟೀಚರ ಮುಖ ನೋಡಿ, ಕನ್ನಡದಲ್ಲಿ ಕೇಳಿದರು:

“ಟೀಚರ್, ನಿಮ್ಮದೇ ಒಂದು ಮಗು ಇದ್ದಿದ್ರೆ, ನಿಮ್ಮ ಕ್ಲಾಸಿಗೆ ಹಾಕ್ತಿದ್ರಾ?”

ಕನ್ನಡ ಬಾರದವರಿಗೂ ಏನೋ ಆಗಬಾರದ್ದು ಆಯಿತು ಎಂದು ತಿಳಿಯಿತು. ಸ್ಟೀಫನಣ್ಣ ತಲೆ ಬಗ್ಗಿಸಿದರು. ಟೀಚರ್ ಈಗ ‘ಬಸ್ಸು ಬಂತು’ ಎಂದು ಹೇಳಿ ಎದ್ದು ಹೋಗುತ್ತಾರೆ ಎಂದುಕೊಂಡು ನಾನು ಬಾಗಿಲಿನ ಕಡೆ ನೋಡಿದೆ.

ಅವರು ಹೋಗಲಿಲ್ಲ. ಮೂರು ವರ್ಷ ಕಳೆದ ಈ ಹೊತ್ತಿಗೂ ಒಂದನೇ ಬಿ ಅವರದೇ. ಕಾರಿಡಾರಿನಲ್ಲಿ ಸದ್ದು ನಿಂತರೆ ಇಸಾಬೆಲ್ಲಾ ಮಿಸ್ ಈಗ ‘ಇವತ್ತು ಎಂತ ಆಗಿ ಸತ್ತದ್ದು?’ ಎಂದು ನೋಡಲು ಬರುತ್ತಾರಂತೆ. ಯಾಕೆ ಉಳಿಸಿಕೊಂಡರು ಎಂದರೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ನನಗೆ ಕಾರಣ ಆ ಸಂಜೆಯ ಉತ್ತರವೇ. ಟೀಚರ್ ಕರಿಹಲಗೆಗೆ ಬೆನ್ನು ಕೊಟ್ಟು ನಿಂತು, ಮೋಹಿನಿ ಅಕ್ಕನಿಗೆ ಮಾತ್ರ ಹೇಳುವವರ ಹಾಗೆ ಹೇಳಿದರು:

“ಹೋದ ವಾರ ಕೇಳಿದ್ರೆ ಹಾಕ್ತಿದ್ದೆ. ಈ ವಾರ ಹಾಕ್ಲಿಕ್ಕಿಲ್ಲ. ಈ ಊರಿನ ನೀರು ಹೇಗೆ ಬರ್ತದೆ ಅಂತ ನನಗೇ ಗೊತ್ತಿಲ್ಲದೆ ಪಾಠ ಮಾಡಿದೆ. ಶನಿವಾರ ಅದೇ ಪಾಠ ಇನ್ನೊಮ್ಮೆ ಮಾಡ್ತೇನೆ, ನೀವು ಬಂದು ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ. ಸರಿಯಾದ್ರೆ ನಿಮ್ಮ ಮಗಳನ್ನು ಬಿಟ್ಟು ಹೋಗಿ. ಇಲ್ಲದಿದ್ರೆ ಕರ್ಕೊಂಡು ಹೋಗಿ.”